ಪರದೇಶದ ಊರಲ್ಲಿ ಒಳ್ಳೆಯ ಚಾಕೊಲೇಟ್ ಅಂಗಡಿ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಊರಿಗೆ ಹೊರಟಿದ್ದೇನೆ. ಹುಡುಕಾಟ ಎಲ್ಲಿಂದ ಶುರು ಮಾಡಲಿ?

ಅಂಗಡಿಯ ಹೆಸರು ಆಮೇಲೆ. ಮೊದಲು ಆ ಊರಿನವರು ಚಾಕೊಲೇಟನ್ನು ಯಾವ ರೂಪದಲ್ಲಿ ಇಷ್ಟಪಡುತ್ತಾರೆ ಅಂತ ತಿಳಿದುಕೊಳ್ಳಿ. ಊರಿಂದ ಊರಿಗೆ ಇದು ತುಂಬಾ ಬದಲಾಗುತ್ತದೆ.

ಬ್ರಸೆಲ್ಸ್ ಅಂದರೆ ಪ್ರಾಲಿನ್. ಗಟ್ಟಿ ಚಾಕೊಲೇಟ್ ಚಿಪ್ಪು, ಒಳಗೆ ಮೆತ್ತನೆಯ ಹೂರಣ. 1912ರಲ್ಲಿ ನ್ಯೂಹೌಸ್ ಅಂಗಡಿಯಲ್ಲಿ ಇದು ಹುಟ್ಟಿತು. ಇಟಲಿಯ ಟ್ಯೂರಿನ್‌ಗೆ ಹೋದರೆ ಜಾಂದುಯಾ ಕೇಳಬೇಕು. ಕೋಕೋ ಜೊತೆ ಹೇಜಲ್‌ನಟ್ ನುಣ್ಣಗೆ ಅರೆದು ಮಾಡುವಂಥದ್ದು. ಮಗುಚಿದ ದೋಣಿಯ ಆಕಾರದಲ್ಲಿ, ಬಂಗಾರದ ಬಣ್ಣದ ಕಾಗದ ಸುತ್ತಿಕೊಂಡಿರುವ ಜಾಂದುಯೊಟ್ಟೊ ಅಲ್ಲಿ 1865ರಿಂದ ಇದೆ. ಅದೇ ಇಟಲಿಯ ದಕ್ಷಿಣ ತುದಿಗೆ, ಸಿಸಿಲಿಯ ಮೋದಿಕಾ ಊರಿಗೆ ಹೋದರೆ ಕಥೆಯೇ ಬೇರೆ. ಅಲ್ಲಿ ಚಾಕೊಲೇಟನ್ನು ಜಾಸ್ತಿ ಬಿಸಿ ಮಾಡುವುದಿಲ್ಲ. ಸಕ್ಕರೆ ಕರಗದೆ ಹಾಗೇ ಉಳಿಯುತ್ತದೆ, ಕಚ್ಚಿದರೆ ಹರಳು ಹರಳಾಗಿ ಸಿಗುತ್ತದೆ. ಗೊತ್ತಿಲ್ಲದವರು 'ಇದೇನು, ಸರಿಯಾಗಿ ಅರೆದೇ ಇಲ್ಲ' ಅಂತ ಮುಖ ಸಿಂಡರಿಸುತ್ತಾರೆ. ಮೆಕ್ಸಿಕೋದ ವಾಹಾಕಾದಲ್ಲಿ ಚಾಕೊಲೇಟ್ ಮುಖ್ಯವಾಗಿ ಕುಡಿಯುವ ಪದಾರ್ಥ. ಟೋಕಿಯೋದಲ್ಲಿ 'ನಾಮಾ' ಅನ್ನುವ, ಕೆನೆ ಸೇರಿಸಿದ ಮೃದುವಾದ ಚೌಕಗಳು. ಮೇಲೆ ಕೋಕೋ ಪುಡಿ ಉದುರಿಸಿರುತ್ತಾರೆ, ಫ್ರಿಜ್‌ನಲ್ಲಿಟ್ಟೇ ಮಾರುತ್ತಾರೆ.

ಟ್ಯೂರಿನ್‌ನಲ್ಲಿ ನಿಂತು ಬೆಲ್ಜಿಯಂ ಥರದ ಪ್ರಾಲಿನ್ ಹುಡುಕಿದರೆ ಸಿಗುವುದಿಲ್ಲ ಅಂತಲ್ಲ. ಆದರೆ ಅಲ್ಲಿನವರ ಕೈ ಪಳಗಿರುವುದು ಬೇರೆಯದರಲ್ಲಿ.

ಮ್ಯಾಪ್ ತೆಗೆದು 'ಚಾಕೊಲೇಟ್ ಶಾಪ್' ಅಂತ ಹಾಕಿದರೆ ಸಾಲದಾ?

ಸಿಗುತ್ತದೆ, ಆದರೆ ಮೊದಲು ಬರುವುದು ಪ್ರವಾಸಿಗರಿಗಾಗಿಯೇ ತೆರೆದ ಅಂಗಡಿಗಳು. ಇಂಗ್ಲಿಷಿನಲ್ಲಿ ಬೋರ್ಡು ಹಾಕಿರುವುದು ಅವರೇ ಅಲ್ವಾ? ಅದರ ಬದಲು ಆ ದೇಶದ ಪದವನ್ನೇ ಹಾಕಿ. ಫ್ರೆಂಚ್ ಮಾತಾಡುವ ಕಡೆ 'ಶೊಕೊಲಾಟ್ರಿ', ಇಟಲಿಯಲ್ಲಿ 'ಚೊಕೊಲಾಟೆರಿಯಾ', ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾದಲ್ಲಿ 'ಕಾನ್‌ಫಿಸೆರಿ'. ಸ್ಪೆಲಿಂಗ್ ಬೇಕಿದ್ದರೆ ಫೋನಿನ ಅನುವಾದದ ಆ್ಯಪ್ ಕೊಡುತ್ತದೆ.

ಸ್ಪೇನ್‌ನಲ್ಲಿ ಮಾತ್ರ ಹುಷಾರು. ಅಲ್ಲಿ 'ಚೊಕೊಲಾಟೆರಿಯಾ' ಅಂತ ಹುಡುಕಿದರೆ ಬಿಸಿ ಚಾಕೊಲೇಟ್ ಕುಡಿಯುವ ಜಾಗಗಳು ಸಿಗುತ್ತವೆ. ಚಮಚ ನಿಲ್ಲುವಷ್ಟು ದಪ್ಪ ಚಾಕೊಲೇಟ್, ಅದ್ದಿಕೊಂಡು ತಿನ್ನಲು ಕರಿದ ಚುರ್ರೋಸ್. ಮ್ಯಾಡ್ರಿಡ್‌ನ ಸಾನ್ ಹಿನೆಸ್ 1894ರಿಂದ ಇದನ್ನೇ ಮಾಡುತ್ತಿದೆ. ತಪ್ಪದೆ ಹೋಗಿ. ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡು ಹೋಗುವ ಚಾಕೊಲೇಟ್ ಬೇಕಿದ್ದರೆ 'ಬೊಂಬೊನೆರಿಯಾ' ಹುಡುಕಿ.

ಇನ್ನೊಂದು ದಾರಿಯೂ ಇದೆ. ಊರಲ್ಲಿ ಒಳ್ಳೆಯ ಕಾಫಿ ಹುರಿಯುವ ಅಂಗಡಿ ಇದ್ದರೆ ಗಲ್ಲಾದ ಪಕ್ಕ ಯಾವ ಚಾಕೊಲೇಟ್ ಬಾರ್ ಇಟ್ಟಿದ್ದಾರೆ ನೋಡಿ. ಕಾಫಿ ಬೀಜದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕೋಕೋ ಬೀಜದ ವಿಷಯದಲ್ಲೂ ಹಾಗೇ ಇರುತ್ತಾರೆ. ಆ ಬಾರ್ ಮಾಡಿದವರ ಅಂಗಡಿ ಅದೇ ಊರಲ್ಲಿ ಇರುವ ಸಾಧ್ಯತೆ ಜಾಸ್ತಿ.

ಸ್ಟಾರ್ ರೇಟಿಂಗ್ ನಂಬಬಹುದಾ?

ಅಂಕಿ ನೋಡಬೇಡಿ, ಬರೆದದ್ದನ್ನು ಓದಿ. 'ತುಂಬಾ ಚೆನ್ನಾಗಿದೆ, ಪ್ಯಾಕಿಂಗ್ ಸೂಪರ್' ಅಂತ ನೂರು ಜನ ಬರೆದರೂ ರುಚಿಯ ಬಗ್ಗೆ ಏನೂ ತಿಳಿಯುವುದಿಲ್ಲ. 'ನಿಂಬೆ ಹಾಕಿದ್ದು ಸ್ವಲ್ಪ ಹುಳಿ ಜಾಸ್ತಿ, ಕ್ಯಾರಮೆಲ್ ಮಾತ್ರ ಅದ್ಭುತ' ಅಂತ ಒಬ್ಬರು ಬರೆದಿದ್ದರೆ ಅವರು ನಿಜವಾಗಿ ತಿಂದಿದ್ದಾರೆ. ಆ ಊರಿನ ಭಾಷೆಯಲ್ಲೇ ಬರೆದವರ ಮಾತಿಗೆ ಜಾಸ್ತಿ ಬೆಲೆ ಕೊಡಿ. ವಾಫಲ್, ಐಸ್‌ಕ್ರೀಮ್ ಕೂಡ ಮಾರುವ ಅಂಗಡಿಯಾದರೆ ಆ ಸ್ಟಾರ್‌ಗಳಲ್ಲಿ ಅರ್ಧ ವಾಫಲ್‌ಗೇ ಬಿದ್ದಿರುತ್ತವೆ.

ಜನ ಹಾಕಿದ ಫೋಟೋಗಳು ಇನ್ನೂ ಉಪಯೋಗಕ್ಕೆ ಬರುತ್ತವೆ. ಬೇಸಿಗೆಯ ಫೋಟೋ, ಚಳಿಗಾಲದ ಫೋಟೋ ಎರಡನ್ನೂ ನೋಡಿ. ಶೋಕೇಸ್‌ನಲ್ಲಿ ಒಂದೆರಡಾದರೂ ಬಗೆ ಬದಲಾಗಿದ್ದರೆ ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ.

ಅಂಗಡಿಯೊಳಗೆ ಕಾಲಿಟ್ಟ ಮೇಲೆ ಏನು ನೋಡಬೇಕು?

ಮೊದಲು ಮೂಗಿಗೆ ಕೆಲಸ ಕೊಡಿ. ಹುರಿದ ಕೋಕೋ ವಾಸನೆ ಬರಬೇಕು. ವೆನಿಲಾ, ಸಕ್ಕರೆ ಪಾಕದ ವಾಸನೆಯೇ ಮುಂದಾಗಿದ್ದರೆ ಅನುಮಾನ ಪಡಿ. ಅಂಗಡಿ ಸ್ವಲ್ಪ ತಣ್ಣಗಿರಬೇಕು. ಚಾಕೊಲೇಟ್‌ಗೆ ಹಿತ ಅನಿಸುವುದು 15ರಿಂದ 18 ಡಿಗ್ರಿ. ಬಿಸಿಲು ನೇರವಾಗಿ ಬೀಳುವ ಕಿಟಕಿಯಲ್ಲಿ ಇಟ್ಟಿದ್ದನ್ನೇ ತೆಗೆದು ಮಾರುತ್ತಿದ್ದರೆ ಹಾಗೇ ಹೊರಗೆ ಬಂದುಬಿಡಿ. ಕಿಟಕಿಯಲ್ಲಿರುವುದು ಬರೀ ಅಲಂಕಾರಕ್ಕಾದರೆ ಪರವಾಗಿಲ್ಲ.

ಆಮೇಲೆ ಶೋಕೇಸ್ ಹತ್ತಿರ ಬಗ್ಗಿ ನೋಡಿ. ಚೆನ್ನಾಗಿ ಟೆಂಪರ್ ಮಾಡಿದ ಚಾಕೊಲೇಟ್‌ಗೆ ಹದವಾದ ಹೊಳಪು ಇರುತ್ತದೆ, ಮುರಿದರೆ ಟಕ್ ಅನ್ನುತ್ತದೆ. ಟೆಂಪರ್ ಅಂದರೆ ಕರಗಿಸಿದ ಚಾಕೊಲೇಟನ್ನು ಲೆಕ್ಕವಿಟ್ಟು ತಣಿಸಿ, ಮತ್ತೆ ಒಂದಿಷ್ಟು ಬಿಸಿ ಮಾಡುವುದು. ಕಪ್ಪು ಚಾಕೊಲೇಟ್ ಆದರೆ ಸುಮಾರು 45 ಡಿಗ್ರಿಯವರೆಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸುತ್ತಾರೆ. ಹೀಗೆ ಮಾಡಿದರೆ ಕೋಕೋ ಬೆಣ್ಣೆ ಸರಿಯಾದ ಹರಳಾಗಿ ಕೂರುತ್ತದೆ. ಕೈಯಲ್ಲಿ ಗಟ್ಟಿ, ಬಾಯಲ್ಲಿ ಕರಗುವ ಗುಣ ಬರುವುದು ಇಲ್ಲಿಂದಲೇ. ಮಂಕಾಗಿದ್ದರೆ, ಬೂದು ಗೆರೆಗಳಿದ್ದರೆ ಈ ಕೆಲಸ ಕೆಟ್ಟಿದೆ, ಇಲ್ಲವೇ ಇಟ್ಟ ಜಾಗ ಸರಿಯಿಲ್ಲ.

ಒಂದು ಪೀಸ್ ಕೊಂಡು ತಳ ತಿರುಗಿಸಿ. ಹೂರಣವನ್ನು ಚಾಕೊಲೇಟ್‌ನಲ್ಲಿ ಅದ್ದಿ ಮಾಡಿದ್ದಾದರೆ ಬುಡದಲ್ಲಿ ಹರಿದು ಹೆಪ್ಪುಗಟ್ಟಿದ ಅಂಚು ಇರುತ್ತದೆ. ನುರಿತವರ ಕೈಯಲ್ಲಿ ಅದು ತೆಳ್ಳಗೆ, ನೀಟಾಗಿರುತ್ತದೆ. ಅಚ್ಚಿನಲ್ಲಿ ಹೊಯ್ದದ್ದಾದರೆ ಮೈಮೇಲೆ ಗುಳ್ಳೆ ಒಡೆದ ಸಣ್ಣ ತೂತುಗಳು ಇರಬಾರದು. ಅರ್ಧಕ್ಕೆ ಕಚ್ಚಿ ಒಳಗೆ ನೋಡಿ. ಚಿಪ್ಪು ಒಂದೇ ದಪ್ಪಕ್ಕಿದ್ದು ಹೂರಣ ಅಂಚಿನವರೆಗೂ ತುಂಬಿದ್ದರೆ ಮಾಡಿದವರು ಗಮನ ಕೊಟ್ಟಿದ್ದಾರೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಟೊಳ್ಳು ಆಗಿದ್ದರೆ ಇನ್ನೊಂದು ಪೀಸ್‌ಗೆ ದುಡ್ಡು ಹಾಕಬೇಡಿ.

ಬಾಗಿಲಲ್ಲೇ ಉಕ್ಕುವ ಚಾಕೊಲೇಟ್ ಕಾರಂಜಿ, ಗೋಡೆ ತುಂಬ ಒಂದೇ ಥರದ ಪೆಟ್ಟಿಗೆಗಳು, 'ನಾಲ್ಕು ಕೊಂಡರೆ ಒಂದು ಉಚಿತ' ಬೋರ್ಡು, ಫ್ರಿಜ್ ಮ್ಯಾಗ್ನೆಟ್ಟು, ಕೀ ಚೈನು. ಇವೆಲ್ಲ ಒಟ್ಟಿಗೆ ಕಂಡರೆ ಅದು ಉಡುಗೊರೆ ಅಂಗಡಿ. ಚಾಕೊಲೇಟೂ ಇಟ್ಟಿದ್ದಾರೆ, ಅಷ್ಟೆ.

ಅಂಗಡಿಯವರೇ ಬೀಜದಿಂದ ಚಾಕೊಲೇಟ್ ಮಾಡುತ್ತಾರಾ?

ಬಹುಪಾಲು ಅಂಗಡಿಗಳಲ್ಲಿ ಇಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ. ಇಲ್ಲಿ ಎರಡು ಬೇರೆ ಬೇರೆ ಕಸುಬುಗಳಿವೆ. ಕೋಕೋ ಬೀಜ ತರಿಸಿ, ಹುರಿದು, ಸಿಪ್ಪೆ ಬಿಡಿಸಿ, ಗಂಟೆಗಟ್ಟಲೆ ಅರೆದು ಚಾಕೊಲೇಟ್ ಮಾಡುವವರು ಒಂದು ಕಡೆ. ಹಾಗೆ ಮಾಡಿದ ಚಾಕೊಲೇಟನ್ನು ದೊಡ್ಡ ಕಂಪನಿಯಿಂದ ಮೂಟೆಯಲ್ಲಿ ಕೊಂಡು, ಕರಗಿಸಿ, ಹೂರಣ ತುಂಬಿ ಪ್ರಾಲಿನ್, ಟ್ರಫಲ್ (ಮೃದುವಾದ ಚಾಕೊಲೇಟ್ ಉಂಡೆ) ಮಾಡುವವರು ಇನ್ನೊಂದು ಕಡೆ. ಕೊಂಡು ತರುವ ಆ ಚಾಕೊಲೇಟ್‌ಗೆ ಕುವರ್ಚರ್ ಅಂತ ಹೆಸರು. ಬೆಲ್ಜಿಯಂನ ಕ್ಯಾಲಬೋ, ಫ್ರಾನ್ಸಿನ ವಾಲ್ರೋನಾ ಅದಕ್ಕೆ ಹೆಸರಾದ ಕಂಪನಿಗಳು.

ಕುವರ್ಚರ್ ಕೊಳ್ಳುವುದು ಮೋಸವೇನಲ್ಲ. ಜಗತ್ತಿನ ಹೆಸರಾಂತ ಚಾಕೊಲೇಟ್ ಕುಶಲಕರ್ಮಿಗಳಲ್ಲಿ ಎಷ್ಟೋ ಜನ ಮಾಡುವುದು ಅದನ್ನೇ. ಅವರ ಕಸುಬು ಇರುವುದು ಹೂರಣದಲ್ಲಿ. ಹೂರಣವೂ ಡಬ್ಬಿಯಲ್ಲಿ ಬಂದಿದ್ದು, ಚಾಕೊಲೇಟೂ ಬೇರೆಯವರದ್ದು, ಪೆಟ್ಟಿಗೆ ಮಾತ್ರ ತಮ್ಮದು ಅನ್ನುವಂತಿದ್ದರೆ ನನಗೆ ಅಂಥ ಅಂಗಡಿ ಬೇಡ. ದುಡ್ಡು ಕೊಡುವುದು ಯಾವ ಕೆಲಸಕ್ಕೆ ಅಂತ ತಿಳಿದಿರಬೇಕು. ಬಾರ್ ಕೊಳ್ಳುವುದಾದರೆ ಬೀಜದಿಂದ ಮಾಡುವವರ ಹತ್ತಿರ, ಹೂರಣದ್ದು ಕೊಳ್ಳುವುದಾದರೆ ಒಳ್ಳೆಯ ಹೂರಣ ಮಾಡುವವರ ಹತ್ತಿರ ಹೋಗಿ. ಎರಡರಲ್ಲೂ ಗಟ್ಟಿಗರು ಇದ್ದಾರೆ, ಆದರೆ ಕಡಿಮೆ.

ಕೋಕೋ ಶೇಕಡಾ ಜಾಸ್ತಿ ಇದ್ದಷ್ಟೂ ಒಳ್ಳೆಯದಾ?

ಇಲ್ಲ. 70 ಅಂತ ಬರೆದಿದ್ದರೆ ಬಾರ್‌ನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಕೋಕೋದಿಂದ ಬಂದಿದೆ ಅಂತ. ಅದರಲ್ಲಿ ಕೋಕೋ ಬೆಣ್ಣೆಯೂ ಸೇರಿದೆ. ಬೆಣ್ಣೆಯ ಪಾಲು ಹೆಚ್ಚಿದ್ದರೆ ಮೃದು, ಕಡಿಮೆಯಿದ್ದರೆ ಕಹಿ ಜಾಸ್ತಿ. ಹಾಗಾಗಿ ಎರಡು 70ರ ಬಾರ್‌ಗಳು ಅಕ್ಕಪಕ್ಕ ಇಟ್ಟು ತಿಂದರೆ ಸಂಬಂಧವೇ ಇಲ್ಲದಂತಿರುತ್ತವೆ. ಬೀಜ ಎಲ್ಲಿಯದು, ಎಷ್ಟು ಚೆನ್ನಾಗಿ ಹುದುಗಿಸಿದ್ದಾರೆ, ಎಷ್ಟು ಹುರಿದಿದ್ದಾರೆ ಅನ್ನುವುದರ ಮೇಲೆ ರುಚಿ ನಿಂತಿದೆ. ಮಡಗಾಸ್ಕರ್ ಬೀಜದ ಬಾರ್‌ನಲ್ಲಿ ಕೆಂಪು ಹಣ್ಣಿನ ಹುಳಿ ಎದ್ದು ಕಾಣುತ್ತದೆ, ಮೊದಲ ಸಲ ತಿಂದವರು ಏನೋ ಹಣ್ಣು ಸೇರಿಸಿದ್ದಾರೆ ಅಂದುಕೊಳ್ಳುತ್ತಾರೆ.

ಹಾಲಿನ ಚಾಕೊಲೇಟ್ ಇಷ್ಟಪಡುವವರು ನಾಚಿಕೊಳ್ಳಬೇಕಾಗಿಲ್ಲ. 1875ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಡೇನಿಯಲ್ ಪೀಟರ್ ಅದನ್ನು ಮಾಡಿ ತೋರಿಸಿದ್ದು. ಈಗ 45, 50 ಶೇಕಡಾ ಕೋಕೋ ಇರುವ ಹಾಲಿನ ಬಾರ್‌ಗಳು ಸಿಗುತ್ತವೆ. ಒಮ್ಮೆ ತಿಂದು ನೋಡಿ.

ಲೇಬಲ್‌ನಲ್ಲಿ ಏನು ಓದಬೇಕು?

ಪದಾರ್ಥಗಳ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಒಳ್ಳೆಯ ಕಪ್ಪು ಬಾರ್‌ಗೆ ಕೋಕೋ ಬೀಜ, ಸಕ್ಕರೆ ಸಾಕು. ಸ್ವಲ್ಪ ಕೋಕೋ ಬೆಣ್ಣೆ, ಎಲ್ಲ ಹದವಾಗಿ ಬೆರೆಯಲು ಹಾಕುವ ಲೆಸಿಥಿನ್ ಇದ್ದರೂ ತೊಂದರೆಯಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ಸಕ್ಕರೆ ಅಂತಿದ್ದರೆ ಅದೇ ಎಲ್ಲಕ್ಕಿಂತ ಜಾಸ್ತಿ ಇದೆ ಅಂತ ಅರ್ಥ. ವೆನಿಲಿನ್ ಅಂತಿದ್ದರೆ ಕೃತಕ ವಾಸನೆ.

ಯುರೋಪ್ ಒಕ್ಕೂಟದ ನಿಯಮದಲ್ಲಿ ಚಾಕೊಲೇಟ್ ಅನ್ನಿಸಿಕೊಳ್ಳಲು ಕನಿಷ್ಠ 35 ಶೇಕಡಾ ಕೋಕೋ ಇರಬೇಕು. ಹಾಲಿನದ್ದಾದರೆ 25. ಅಮೆರಿಕದಲ್ಲಿ ಹಾಲಿನದ್ದಕ್ಕೆ 10 ಸಾಕು. ಕೋಕೋ ಬೆಣ್ಣೆಯ ಜೊತೆ ಬೇರೆ ಸಸ್ಯಜನ್ಯ ಕೊಬ್ಬನ್ನು 5 ಶೇಕಡಾವರೆಗೆ ಸೇರಿಸಲು ಯುರೋಪಿನಲ್ಲಿ ಅವಕಾಶವಿದೆ, ಆದರೆ ಲೇಬಲ್ ಮೇಲೆ ಹೇಳಲೇಬೇಕು. ಆ ಸಾಲು ಕಂಡರೆ ನಾನು ಬಾರ್ ವಾಪಸ್ ಇಡುತ್ತೇನೆ.

ಅಂಗಡಿಯವರನ್ನು ಏನು ಕೇಳಲಿ? ಅವರ ಭಾಷೆ ಬರುವುದಿಲ್ಲ.

ಎರಡೇ ಪ್ರಶ್ನೆ ಸಾಕು. 'ಇದನ್ನು ಎಲ್ಲಿ ಮಾಡುತ್ತೀರಿ?' ಮತ್ತು 'ಎಷ್ಟು ದಿನದೊಳಗೆ ತಿನ್ನಬೇಕು?' ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರೂ ಆಯಿತು.

ಎರಡನೆಯದರ ಉತ್ತರ ಕಿವಿಗೊಟ್ಟು ಕೇಳಿ. ಕೆನೆ ಮತ್ತು ಚಾಕೊಲೇಟ್ ಸೇರಿಸಿದ ಹೂರಣಕ್ಕೆ ಗನಾಶ್ ಅನ್ನುತ್ತಾರೆ. ಅದರಲ್ಲಿ ನೀರಿನಂಶ ಇರುವುದರಿಂದ ಬೇಗ ಕೆಡುತ್ತದೆ. ತಾಜಾ ಗನಾಶ್ ಮಾರುವವರು ಎರಡು ಮೂರು ವಾರ ಅನ್ನುತ್ತಾರೆ, ಕೆಲವರು ಇನ್ನೂ ಕಡಿಮೆ. ಜ್ಯೂರಿಕ್‌ನ ಸ್ಪ್ರೂಂಗ್ಲಿಯಲ್ಲಿ ಅದೇ ದಿನ ಮಾಡಿ, ಅದೇ ದಿನ ತಿನ್ನಲೆಂದೇ ಮಾರುವ ಟ್ರಫಲ್ ಇದೆ. ಗನಾಶ್ ಪೆಟ್ಟಿಗೆ ಕೈಗಿಟ್ಟು 'ಎಂಟು ತಿಂಗಳು ಏನೂ ಆಗಲ್ಲ' ಅಂದರೆ ಒಳಗೆ ಸಕ್ಕರೆ ಪಾಕವೋ ಸಂರಕ್ಷಕವೋ ಜಾಸ್ತಿ ಇದೆ.

ಇದನ್ನು ಎಲ್ಲಕ್ಕೂ ಅನ್ವಯಿಸಬೇಡಿ. ಜಾಂದುಯಾ, ಬಾದಾಮಿ ಅಥವಾ ಹೇಜಲ್‌ನಟ್ ಅರೆದು ಮಾಡಿದ ಹೂರಣದಲ್ಲಿ ನೀರಿರುವುದಿಲ್ಲ. ಅವು ತಿಂಗಳುಗಟ್ಟಲೆ ಉಳಿಯುವುದು ಸಹಜ. ಗಟ್ಟಿ ಬಾರ್ ಇನ್ನೂ ಹೆಚ್ಚು ದಿನ ಇರುತ್ತದೆ.

ರುಚಿ ನೋಡಲು ಕೊಡುತ್ತಾರಾ?

ಕೆಲವರು ತಾವಾಗಿಯೇ ತಟ್ಟೆ ಮುಂದೆ ಹಿಡಿಯುತ್ತಾರೆ. ಕೊಡದಿದ್ದರೆ ಬಿಡಿಯಾಗಿ ಎರಡು ಪೀಸ್ ಕೊಳ್ಳಿ. ಬಿಡಿಯಾಗಿ ಮಾರುವುದಿಲ್ಲ, ಪೆಟ್ಟಿಗೆಯೇ ಕೊಳ್ಳಬೇಕು ಅನ್ನುವ ಅಂಗಡಿಯಾದರೆ ಮುಂದಿನದಕ್ಕೆ ನಡೆಯಿರಿ. ಹೊರಗೆ ನಿಂತು ತಿಂದು, ಹಿಡಿಸಿದರೆ ವಾಪಸ್ ಹೋಗಿ ಪೆಟ್ಟಿಗೆ ಕಟ್ಟಿಸಿ.

ಮೊದಲ ಎರಡರಲ್ಲಿ ಒಂದು ಸಾದಾ ಕಪ್ಪು ಗನಾಶ್ ಇರಲಿ. ಮೆಣಸು, ಗುಲಾಬಿ, ಲ್ಯಾವೆಂಡರ್ ಹಾಕಿದ್ದರಲ್ಲಿ ಏನು ಬೇಕಾದರೂ ಮುಚ್ಚಿಹೋಗುತ್ತದೆ. ಜಗಿದು ನುಂಗಬೇಡಿ, ನಾಲಿಗೆ ಮೇಲೆ ಕರಗಲು ಬಿಡಿ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಬಾಯಿಯ ಬಿಸಿ ಸಾಕು. ಕರಗದೆ ಅಂಗುಳಿಗೆ ಮೇಣ ಅಂಟಿದ ಹಾಗೆ ಅನಿಸಿದರೆ ಬೇರೆ ಕೊಬ್ಬು ಬೆರೆತಿದೆ.

ಬ್ರಸೆಲ್ಸ್, ಪ್ಯಾರಿಸ್‌ನಂಥ ಊರುಗಳಲ್ಲಿ ಹೆಜ್ಜೆಗೊಂದು ಅಂಗಡಿ. ಹೇಗೆ ಆರಿಸುವುದು?

ಬ್ರಸೆಲ್ಸ್‌ನಲ್ಲಿ ಗ್ರಾನ್ ಪ್ಲಾಸ್ ಚೌಕದಿಂದ ಮನ್ನೆಕೆನ್ ಪಿಸ್ ಪ್ರತಿಮೆಯವರೆಗಿನ ಗಲ್ಲಿಗಳಲ್ಲಿ ಎಲ್ಲೆಲ್ಲೂ ಚಾಕೊಲೇಟೇ. ಅಲ್ಲಿ ಸುಮ್ನೆ ನೋಡಿಕೊಂಡು ಮುಂದೆ ಹೋಗಿ. ಗುಡ್ಡ ಹತ್ತಿ ಗ್ರಾನ್ ಸಾಬ್ಲೋ ಚೌಕಕ್ಕೆ ಹೋದರೆ ಪಿಯರ್ ಮಾರ್ಕೊಲಿನಿ, 1910ರ ವಿಟಾಮರ್ ಅಂಥವರು ಒಂದೇ ಕಡೆ ಸಿಗುತ್ತಾರೆ. ನಾಲ್ಕು ಅಂಗಡಿಯಲ್ಲಿ ಎರಡೆರಡು ಪೀಸ್ ಕೊಂಡು ಚೌಕದ ಬೆಂಚಿನ ಮೇಲೆ ಕೂತು ಹೋಲಿಸಬಹುದು. ಮಾರ್ಕೊಲಿನಿ ಬೀಜವನ್ನೂ ತಾವೇ ಹುರಿಯುತ್ತಾರೆ. ನ್ಯೂಹೌಸ್‌ನ ಮೂಲ ಅಂಗಡಿ ಗಾಜಿನ ಚಾವಣಿಯ ಗ್ಯಾಲರಿ ದ ಲಾ ರೇನ್‌ನಲ್ಲಿದೆ. 1857ರಲ್ಲಿ ಶುರುವಾದಾಗ ಅದು ಔಷಧಿ ಅಂಗಡಿ. ಈಗ ಎಲ್ಲ ಕಡೆ ಕಾಣುವ ಬೆಲ್ಜಿಯಂ ಚಾಕೊಲೇಟ್ ಪೆಟ್ಟಿಗೆ, ಬ್ಯಾಲೊಟ್ಯಾನ್, ಅದೂ 1915ರಲ್ಲಿ ಅವರ ಮನೆಯಿಂದಲೇ ಬಂತು. ಅದಕ್ಕೂ ಮೊದಲು ಕಾಗದದ ಪೊಟ್ಟಣದಲ್ಲಿ ಕಟ್ಟುತ್ತಿದ್ದರು, ತಳದಲ್ಲಿದ್ದವು ಜಜ್ಜಿಹೋಗುತ್ತಿದ್ದವು.

ಪ್ಯಾರಿಸ್‌ನ ಕೈ ಬೇರೆ. ಬೆಲ್ಜಿಯಂನದ್ದು ಅಚ್ಚಿನಲ್ಲಿ ಹೊಯ್ದ ದಪ್ಪ ಚಿಪ್ಪು, ದೊಡ್ಡ ಗಾತ್ರ. ಪ್ಯಾರಿಸ್‌ನದ್ದು ಚಿಕ್ಕ ಚೌಕ, ಮೇಲೆ ತೆಳ್ಳಗೆ ಸವರಿದ ಹಾಗೆ ಚಾಕೊಲೇಟ್, ಒಳಗೆ ಬಹುಪಾಲು ಗನಾಶ್. ಹಳೆಯದು ನೋಡಬೇಕಿದ್ದರೆ 1761ರ ಆ ಲಾ ಮೇರ್ ದ ಫಾಮಿ, 1800ರ ದಬೋವ್ ಎ ಗಾಲೆ ಇವೆ. ಬೀಜ ಹುರಿಯುವುದನ್ನು ನೋಡಬೇಕಿದ್ದರೆ ಬಾಸ್ತೀಯ್ ಹತ್ತಿರ ರೂ ದ ಲಾ ರೋಕೆತ್‌ನಲ್ಲಿ ಹೆಸರಾಂತ ಬಾಣಸಿಗ ಅಲನ್ ದ್ಯುಕಾಸ್ ಅವರ ಚಾಕೊಲೇಟ್ ಕಾರ್ಖಾನೆ ಇದೆ, 2013ರಿಂದ. ಫ್ರಾನ್ಸಿನಲ್ಲಿ ಇನ್ನೊಂದು ಗುರುತೂ ಸಿಗುತ್ತದೆ. ಅಂಗಡಿಯ ಬೋರ್ಡಿನಲ್ಲಿ 'ಎಂ.ಒ.ಎಫ್.' ಅಂತಿದ್ದರೆ, ಫೋಟೋದಲ್ಲಿ ಬಾಣಸಿಗರ ಕಾಲರ್ ನೀಲಿ-ಬಿಳಿ-ಕೆಂಪು ಪಟ್ಟಿಯದ್ದಾಗಿದ್ದರೆ, ಅವರು ದೇಶದ ಅತಿ ಕಷ್ಟದ ಕಸುಬಿನ ಪರೀಕ್ಷೆ ಗೆದ್ದವರು.

ನೈಋತ್ಯ ಫ್ರಾನ್ಸಿನ ಬಯೋನ್‌ಗೆ ಹೋಗುವವರು ಕಡಿಮೆ. ಹೋದರೆ ರೂ ಪೋರ್ ನೊಫ್ ಬೀದಿಯ ಕಮಾನುಗಳ ಕೆಳಗೆ ಕಾಜನಾವ್‌ನಲ್ಲಿ ಕೂತು ನೊರೆ ಬರಿಸಿದ ಬಿಸಿ ಚಾಕೊಲೇಟ್ ಕುಡಿಯಿರಿ. ಸ್ಪೇನ್, ಪೋರ್ಚುಗಲ್‌ನಿಂದ ಓಡಿಬಂದ ಯಹೂದಿಗಳು 17ನೇ ಶತಮಾನದಲ್ಲಿ ಈ ಕಸುಬನ್ನು ಆ ಊರಿಗೆ ತಂದರು. ಟ್ಯೂರಿನ್‌ನಲ್ಲಾದರೆ ಬಿಚೆರಿನ್: ಸಣ್ಣ ಗಾಜಿನ ಲೋಟದಲ್ಲಿ ಬಿಸಿ ಚಾಕೊಲೇಟ್, ಕಾಫಿ, ಮೇಲೆ ಕೆನೆ. ಕಲಕದೆ ಹಾಗೇ ಕುಡಿಯಬೇಕು ಅನ್ನುತ್ತಾರೆ.

ಯುರೋಪ್ ಬಿಟ್ಟು ಬೇರೆ ಕಡೆ ಹೋದರೆ?

ನನ್ನ ಕೇಳಿದರೆ ಮಜಾ ಇರುವುದೇ ಅಲ್ಲಿ. ವಾಹಾಕಾದ ಮಿನಾ ಬೀದಿಯಲ್ಲಿ ಮಾರುಕಟ್ಟೆಯ ಪಕ್ಕದಲ್ಲೇ ಚಾಕೊಲೇಟ್ ಗಿರಣಿಗಳಿವೆ. ಹುರಿದ ಕೋಕೋ ಬೀಜ, ದಾಲ್ಚಿನ್ನಿ, ಬಾದಾಮಿಯನ್ನು ಗಿರಣಿಯ ಬಾಯಿಗೆ ಸುರಿಯುತ್ತಾರೆ. ಕೆಳಗೆ ಬಿಸಿ ಬಿಸಿ ಕಪ್ಪು ಹಿಟ್ಟು ಇಳಿಯುತ್ತದೆ, ಆಮೇಲೆ ಸಕ್ಕರೆ ಸೇರಿಸಿ ಮತ್ತೆ ಅರೆಯುತ್ತಾರೆ. ಸಕ್ಕರೆ ಎಷ್ಟು, ಬಾದಾಮಿ ಎಷ್ಟು ಅಂತ ಕೊಳ್ಳುವವರೇ ಹೇಳಬಹುದು. ಇಡೀ ಬೀದಿ ಘಮ್ ಅನ್ನುತ್ತಿರುತ್ತದೆ.

ವಿಯೆಟ್ನಾಂನ ಹೋ ಚಿ ಮಿನ್ ಸಿಟಿಯಲ್ಲಿ ಮರೂ ಇದೆ. ಇಬ್ಬರು ಫ್ರೆಂಚರು 2011ರಲ್ಲಿ ಶುರು ಮಾಡಿದ್ದು. ಬೀಜ ಬೆಳೆದ ಪ್ರದೇಶದ ಹೆಸರನ್ನೇ ಬಾರ್‌ಗೆ ಇಡುತ್ತಾರೆ: ಬೆನ್ ಚೆ, ತಿಯೆನ್ ಜಾಂಗ್, ಹೀಗೆ. ಅಕ್ಕಪಕ್ಕದ ಪ್ರದೇಶದ ಎರಡು ಬಾರ್ ಕೊಂಡು ತಿಂದರೆ ಮಣ್ಣು ಬದಲಾದಂತೆ ರುಚಿ ಬದಲಾಗುವುದು ತಾನಾಗಿ ಗೊತ್ತಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡ್ಯಾಂಡೆಲಿಯನ್ ಇದೆ. ಅವರ ಬಾರ್‌ನಲ್ಲಿ ಕೋಕೋ ಬೀಜ, ಸಕ್ಕರೆ, ಅಷ್ಟೆ.

ಟೋಕಿಯೋಗೆ ಜನವರಿ ಕೊನೆ, ಫೆಬ್ರವರಿ ಮೊದಲಲ್ಲಿ ಹೋದರೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ವ್ಯಾಲೆಂಟೈನ್ ಚಾಕೊಲೇಟ್ ಮೇಳ ನಡೆಯುತ್ತಿರುತ್ತದೆ. ಯುರೋಪಿನ ಹೆಸರಾಂತರೂ ಅಲ್ಲಿಗೇ ಬಂದು ಮಾರುತ್ತಾರೆ. ಕ್ಯೂ ಮಾತ್ರ ಉದ್ದ.

ಸೂಪರ್‌ಮಾರ್ಕೆಟ್ ಚಾಕೊಲೇಟ್ ಕೊಳ್ಳಬಾರದಾ?

ಧಾರಾಳವಾಗಿ ಕೊಳ್ಳಿ. ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ಫ್ರಾನ್ಸಿನ ಸೂಪರ್‌ಮಾರ್ಕೆಟ್‌ಗಳ ಬಾರ್‌ಗಳು ಚೆನ್ನಾಗಿರುತ್ತವೆ. ಆಫೀಸಿನವರಿಗೆಲ್ಲ ಹಂಚಲು ಇದೇ ಸರಿ. ಬೀದಿಯ ಉಡುಗೊರೆ ಅಂಗಡಿಯಲ್ಲಿ ಜಾಸ್ತಿ ದುಡ್ಡಿಗೆ ಸಿಗುವ ಪೆಟ್ಟಿಗೆ ಎಷ್ಟೋ ಸಲ ಇಲ್ಲಿ ಕಡಿಮೆಗೆ ಇರುತ್ತದೆ.

ವಿಮಾನ ನಿಲ್ದಾಣದಲ್ಲೇ ಕೊಂಡರೆ ಆಗಲ್ವಾ?

ಮರೆತುಹೋಗಿದ್ದರೆ ಕೊಳ್ಳಿ. ಬ್ರಸೆಲ್ಸ್, ಜ್ಯೂರಿಕ್ ನಿಲ್ದಾಣಗಳಲ್ಲಿ ಒಳ್ಳೆಯ ಹೆಸರುಗಳೂ ಇವೆ. ಬಿಡಿ ಪೀಸ್ ಆರಿಸಿಕೊಳ್ಳುವುದು, ರುಚಿ ನೋಡುವುದು ಮಾತ್ರ ಅಲ್ಲಿ ಕಷ್ಟ.

ಯಾಕೆ ಇಷ್ಟೊಂದು ದುಬಾರಿ?

ಕೈಕೆಲಸಕ್ಕೆ ಒಂದು ಬೆಲೆ, ದುಬಾರಿ ಬೀದಿಯ ಬಾಡಿಗೆಗೆ ಇನ್ನೊಂದು. ಇದರ ಮೇಲೆ ಕೋಕೋ ಬೆಲೆಯೇ ಏರಿತು. ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಬೆಳೆ ಕೈಕೊಟ್ಟು, 2024ರ ಡಿಸೆಂಬರ್‌ನಲ್ಲಿ ಟನ್ ಬೆಲೆ 12,000 ಡಾಲರ್ ದಾಟಿತ್ತು. ಪೆಟ್ಟಿಗೆಯ ಬೆಲೆ ನೋಡಬೇಡಿ, 100 ಗ್ರಾಂಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. ರಿಬ್ಬನ್ನು, ರಟ್ಟು, ಟಿನ್ ಡಬ್ಬಿಗೆ ಎಷ್ಟು ಕೊಡುತ್ತಿದ್ದೀರಿ ಅಂತ ಆಗ ಕಾಣುತ್ತದೆ.

ಯಾವ ಸಮಯಕ್ಕೆ ಹೋದರೆ ಒಳ್ಳೆಯದು?

ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಒಳ್ಳೆಯ ಕಾಲ. ಕ್ರಿಸ್‌ಮಸ್, ಈಸ್ಟರ್ ಮುಂಚಿನ ವಾರಗಳಲ್ಲಿ ಸರಕು ಬೇಗ ಖಾಲಿಯಾಗುವುದರಿಂದ ತಾಜಾ ಸಿಗುತ್ತದೆ, ಆದರೆ ನೂಕುನುಗ್ಗಲು. ಪ್ಯಾರಿಸ್‌ನಲ್ಲಿ ಅಕ್ಟೋಬರ್ ಕೊನೆಯ ಹೊತ್ತಿಗೆ ಸಲೋನ್ ದು ಶೊಕೊಲಾ ಅನ್ನುವ ದೊಡ್ಡ ಮೇಳ ನಡೆಯುತ್ತದೆ. ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಎಷ್ಟೋ ಸಣ್ಣ ಅಂಗಡಿಗಳು ವಾರಗಟ್ಟಲೆ ಬೀಗ ಹಾಕಿರುತ್ತವೆ. ಇಟಲಿಯಲ್ಲಿ ಬೇಸಿಗೆಗೆ ಕೆಲವರು ಚಾಕೊಲೇಟ್ ಕಡಿಮೆ ಮಾಡಿ ಜೆಲಾಟೊಗೆ, ಅಂದರೆ ಅಲ್ಲಿನ ಐಸ್‌ಕ್ರೀಮ್‌ಗೆ, ತಿರುಗುತ್ತಾರೆ.

ಭಾನುವಾರ, ಸೋಮವಾರ ಹೋಗುವ ಮುಂಚೆ ಅಂಗಡಿ ತೆರೆದಿದೆಯಾ ನೋಡಿಕೊಳ್ಳಿ. ಬೆಳಿಗ್ಗೆ ಹೋದರೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ.

ಚಾಕೊಲೇಟ್ ಟೂರ್‌ಗೆ ದುಡ್ಡು ಕೊಡಬಹುದಾ?

ಊರಲ್ಲಿ ಒಂದೇ ದಿನ ಇದ್ದರೆ, ಮೊದಲ ಸಲ ಬಂದಿದ್ದರೆ ಕೊಡಬಹುದು. ಗುಂಪು ಚಿಕ್ಕದಿರಲಿ, ಯಾವ ಯಾವ ಅಂಗಡಿ ಅಂತ ಮೊದಲೇ ಹೇಳುವವರಾಗಿರಲಿ. 'ಸರ್‌ಪ್ರೈಸ್' ಅಂದರೆ ಕಮಿಷನ್ ಕೊಡುವ ಅಂಗಡಿಗೆ ಕರೆದೊಯ್ಯುತ್ತಾರಾ ಅಂತ ಅನುಮಾನಿಸುವುದರಲ್ಲಿ ತಪ್ಪಿಲ್ಲ. ಕಾರ್ಯಾಗಾರಗಳಲ್ಲಿ ಟೆಂಪರ್ ಮಾಡುವುದನ್ನು ಕಲಿಸುವಂಥದ್ದು ಆರಿಸಿ. ಕರಗಿಸಿದ ಚಾಕೊಲೇಟ್‌ಗೆ ಬಣ್ಣದ ಕಾಳು ಉದುರಿಸುವುದಕ್ಕೆ ದುಡ್ಡು ಯಾಕೆ ಕೊಡಬೇಕು?

ಸಸ್ಯಾಹಾರಿಗಳು, ಅಲರ್ಜಿ ಇರುವವರು ಏನು ಗಮನಿಸಬೇಕು?

ಸಸ್ಯಾಹಾರಿಗಳಿಗೆ ಕಪ್ಪು ಬಾರ್ ಬಹುಪಾಲು ನಿಶ್ಚಿಂತೆ. ತೊಂದರೆ ಬರುವುದು ಹೂರಣದಲ್ಲಿ. ಮಾರ್ಷ್‌ಮ್ಯಾಲೋ, ಮೂಸ್, ಕೆಲವು ಜೆಲ್ಲಿಗಳಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಜನ್ಯ. ಕೆಂಪು ಬಣ್ಣಕ್ಕೆ ಹಾಕುವ ಇ120 ಕೀಟದಿಂದ ಬಂದದ್ದು. ಫಳಫಳ ಹೊಳೆಯುವ ಚಾಕೊಲೇಟ್ ಉಂಡೆಗಳ ಮೇಲೆ ಇ904, ಅಂದರೆ ಅರಗು ಸವರಿರಬಹುದು, ಅದೂ ಕೀಟದಿಂದಲೇ ಬಂದದ್ದು. ಮೊಟ್ಟೆಯೂ ಕೆಲವು ಹೂರಣಗಳಲ್ಲಿ ಇರುತ್ತದೆ. ಮದ್ಯ ಅಂತೂ ಮಾಮೂಲು. ಚೆರ್ರಿ ಹಣ್ಣಿನ ಚಾಕೊಲೇಟ್ ಕಂಡರೆ ಕೇಳದೆ ಮಕ್ಕಳ ಕೈಗೆ ಕೊಡಬೇಡಿ.

ಯುರೋಪ್ ಒಕ್ಕೂಟದಲ್ಲಿ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು, ಬಿಡಿಯಾಗಿ ಮಾರುವ ಪೀಸ್‌ಗೂ ಇದು ಅನ್ವಯಿಸುತ್ತದೆ. ಕೇಳಿದರೆ ಗಲ್ಲಾದ ಹಿಂದಿನಿಂದ ಫೈಲ್ ತೆಗೆದು ತೋರಿಸುತ್ತಾರೆ. ಬೀಜಗಳ ಅಲರ್ಜಿ ಗಂಭೀರವಾಗಿದ್ದರೆ ಇಂಥ ಅಂಗಡಿಗಳ ಬಿಡಿ ಚಾಕೊಲೇಟ್ ಬೇಡವೇ ಬೇಡ. ಒಂದೇ ಮೇಜಿನ ಮೇಲೆ ಹೇಜಲ್‌ನಟ್‌ದೂ ಸಾದಾದೂ ಮಾಡಿರುತ್ತಾರೆ.

ಎಷ್ಟು ಕೊಳ್ಳಲಿ? ಹೋಟೆಲ್ ರೂಮಿನಲ್ಲಿ ಹೇಗೆ ಇಡಲಿ?

ಊರಲ್ಲಿರುವಾಗ ತಿನ್ನಲು ಗನಾಶ್, ಟ್ರಫಲ್. ಅವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಕೊಳ್ಳಿ. ಊರಿಗೆ ಒಯ್ಯಲು ಬಾರ್, ಜಾಂದುಯಾ, ಬೀಜಗಳ ಹೂರಣದ್ದು. ಇವನ್ನು ಕೊನೆಯ ದಿನ ಕೊಳ್ಳಿ.

ರೂಮು ತಂಪಾಗಿದ್ದರೆ ಬಟ್ಟೆಯ ಕಪಾಟಿನಲ್ಲಿಟ್ಟರೆ ಸಾಕು. ಬಿಸಿಲೂರಲ್ಲಿ ಫ್ರಿಜ್ ಬೇಕಾದರೆ ಗಾಳಿಯಾಡದ ಡಬ್ಬಿಯಲ್ಲೋ ಜಿಪ್ ಕವರ್‌ನಲ್ಲೋ ಹಾಕಿಡಿ. ಚಾಕೊಲೇಟ್ ವಾಸನೆಯನ್ನು ಹೀರಿಕೊಳ್ಳುತ್ತದೆ, ಪಕ್ಕದಲ್ಲಿ ಚೀಸ್ ಇದ್ದರೆ ಕಥೆ ಮುಗಿಯಿತು. ತೆಗೆದ ಮೇಲೆ ಕವರ್ ತಕ್ಷಣ ಬಿಚ್ಚಬೇಡಿ. ರೂಮಿನ ಬಿಸಿಗೆ ಬರುವವರೆಗೆ ಕಾಯಿರಿ, ಇಲ್ಲದಿದ್ದರೆ ಮೇಲೆ ನೀರು ಕೂರುತ್ತದೆ.

ವಿಮಾನದಲ್ಲಿ ಒಯ್ಯಬಹುದಾ?

ಗಟ್ಟಿ ಚಾಕೊಲೇಟ್ ಕೈಚೀಲದಲ್ಲೇ ಇರಲಿ. ಸ್ಕ್ಯಾನರ್‌ನಲ್ಲಿ ದಪ್ಪ ಬಾರ್‌ಗಳ ಕಟ್ಟು ಕಂಡರೆ ಚೀಲ ಬಿಚ್ಚಿಸಬಹುದು, ಮೇಲ್ಗಡೆ ಇಟ್ಟಿದ್ದರೆ ಬೇಗ ಮುಗಿಯುತ್ತದೆ. ಬ್ರೆಡ್ಡಿಗೆ ಸವರುವ ಚಾಕೊಲೇಟ್ ಬಾಟಲಿ, ಸಾಸ್ ಮಾತ್ರ ದ್ರವದ ಲೆಕ್ಕಕ್ಕೆ ಬರುತ್ತವೆ. 100 ಮಿಲಿ ನಿಯಮ ಇರುವ ಕಡೆ ದೊಡ್ಡ ಬಾಟಲಿ ಕಸದ ಬುಟ್ಟಿಗೆ ಹೋಗುತ್ತದೆ. ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ಮದ್ಯ ನಿಷೇಧ ಇರುವ ದೇಶಕ್ಕೆ ಮದ್ಯದ ಹೂರಣದ್ದು ಒಯ್ಯಬೇಡಿ. ಒಳಗೆ ಆಟಿಕೆ ಇರುವ ಕಿಂಡರ್ ಸರ್‌ಪ್ರೈಸ್ ಮೊಟ್ಟೆಯನ್ನು ಅಮೆರಿಕದೊಳಗೆ ಬಿಡುವುದಿಲ್ಲ.

ಮನೆಗೆ ಬಂದು ಬಿಚ್ಚಿದರೆ ಮೇಲೆ ಬೆಳ್ಳಗಾಗಿದೆ. ಹಾಳಾಯಿತಾ?

ಬೂಷ್ಟು ಅಂತ ಎಸೆಯಬೇಡಿ. ಬಿಸಿಗೆ ಕೋಕೋ ಬೆಣ್ಣೆ ಕರಗಿ ಮೇಲೆ ಬಂದು ಗಟ್ಟಿಯಾಗಿದ್ದರೆ ಬೂದು ಪದರ, ಬೆರಳಿಟ್ಟು ಉಜ್ಜಿದರೆ ಜಿಡ್ಡಾಗಿ ಕರಗುತ್ತದೆ. ತೇವ ಕೂತು ಸಕ್ಕರೆ ಹೊರಬಂದಿದ್ದರೆ ಒರಟಾಗಿ, ಪುಡಿಪುಡಿಯಾಗಿ ಇರುತ್ತದೆ. ಎರಡನ್ನೂ ತಿನ್ನಬಹುದು, ಟಕ್ ಅನ್ನುವ ಗುಣ ಹೋಗಿರುತ್ತದೆ ಅಷ್ಟೆ. ಬಾರ್ ಆದರೆ ಬಿಸಿ ಹಾಲಿಗೆ ಹಾಕಿ ಕುಡಿಯಿರಿ, ಇಲ್ಲವೇ ಕೇಕಿಗೆ ಬಳಸಿ. ಗನಾಶ್ ಹೂರಣದ್ದರಲ್ಲಿ ಹುಳಿ ವಾಸನೆ ಬಂದರೆ, ಒಳಗೆ ಹಸಿರೋ ಬಿಳಿಯೋ ನವಿರು ಕಂಡರೆ ಅದು ನಿಜವಾಗಿಯೂ ಕೆಟ್ಟಿದೆ, ಎಸೆದುಬಿಡಿ.